ಮನೋಲೇಖಕ ಯಂತ್ರಕ್ಕೆ ಕರೆಂಟು ಕೊಟ್ಟ ಕತೆ

ಹಾಲಮ್ಮ ರಾಗಿಹಿಟ್ಟನ್ನು ಇನ್ನೂ ಅರ್ಧ ಜರಡಿ ಹಿಡಿದಿದ್ದಳಷ್ಟೆ. ತಮ್ಮ ಮರುಳಸಿದ್ದಪ್ಪ ಬಂದವನೇ ಕೈಯಲ್ಲಿದ್ದ ಜರಡಿಯನ್ನು ಕಿತ್ತುಕೊಂಡು ಅವಳ ತಲೆಯ ಮೇಲೆ ಬೋರಲು ಹಾಕಿದ! ಉಳಿದ ಹಿಟ್ಟೆಲ್ಲ ಹುಬ್ಬು, ಮೂಗು, ಭುಜದ ಮೇಲೆ ಸುರಿಯಿತು.

“ಏ ಮರುಳ! ತಲೆ ಕೆಟ್ಟಿದೆಯೇನೋ?”

“ನನ್ನ ತಲೆ ನೆಟ್ಟಗಿದೆ ಕಣಕ್ಕ. ಈಗ ಬೇಕಾಗಿರೋದು ನಿನ್ನ ತಲೆ. ಅಲ್ಲಾಡಬೇಡ, ಜರಡಿಗೆ ವೈರು ಸಿಕ್ಕಿಸ್ತೀನಿ.”

ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮರುಳಸಿದ್ದಪ್ಪನ ಯಂತ್ರಗಳ ರುಚಿ ನೋಡದವರಿಲ್ಲ. ರೈಲ್ವೆಯ ಸಿಗ್ನಲ್ ಕೆಲಸದಿಂದ ನಿವೃತ್ತನಾದ ಮೇಲೆ ಅವನ ಕೈ ಸುಮ್ಮನಿದ್ದದ್ದೇ ಇಲ್ಲ. ಅವನ ದೋಸೆ ಮಗುಚುವ ಯಂತ್ರ ಎಸೆದ ದೋಸೆ ಇನ್ನೂ ಎದುರು ಮನೆಯ ಹೆಂಚಿನ ಮೇಲಿದೆ. ಈ ಸಲದ್ದು ‘ಮನೋಲೇಖಕ’. ತಲೆಗೆ ಜರಡಿ ಹಾಕಿಕೊಂಡು ಕೂತರೆ ಸಾಕು, ಮನಸ್ಸಿನಲ್ಲಿರುವುದನ್ನು ಕಂಪ್ಯೂಟರು ಓದಿ, ಪ್ರಿಂಟರಿನಿಂದ ಕಾಗದವಾಗಿ ಹೊರಗೆ ಹಾಕುತ್ತದಂತೆ!

ಅದನ್ನು ಕಟ್ಟಿದ್ದೇ ಹಾಲಮ್ಮನ ಒಂದು ಕಾಗದಕ್ಕಾಗಿ. ಕಡೂರಿನಲ್ಲಿದ್ದ ಗೆಳತಿ ನೀಲಾಂಬಿಕೆ ಮುದ್ದೆಯೂಟದ ಮೆಸ್ ತೆರೆಯುವವಳಿದ್ದಳು. ‘ನೀನೂ ಬಾ, ಇಬ್ಬರೂ ಸೇರಿ ನಡೆಸೋಣ. ಫೋನಿನಲ್ಲಿ ಹೂಂ ಅಂದವರು ಆಮೇಲೆ ಊಹೂಂ ಅನ್ನುತ್ತಾರೆ, ಬರೆದೇ ಕಳಿಸು’ ಎಂದು ಯುಗಾದಿಗೇ ಕೇಳಿದ್ದಳು. ಯುಗಾದಿ ಹೋಗಿ ಗೌರಿಹಬ್ಬ ಬಂದರೂ ಹಾಲಮ್ಮನ ಉತ್ತರ ‘ಕ್ಷೇಮ’ದಿಂದ ಮುಂದಕ್ಕೆ ಹೋಗಿರಲಿಲ್ಲ. ಹೋಗಬೇಕೆಂದು ಆಸೆ. ಮದುವೆ ಮಕ್ಕಳು ಅಂತ ಏನೂ ಇಲ್ಲದ ತಮ್ಮನನ್ನು ಬಿಟ್ಟು ಹೋಗುವುದು ಹೇಗೆಂದು ಅಳುಕು. ಈ ವಾರ ಉತ್ತರ ಬಾರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುವೆನೆಂದು ನೀಲಾಂಬಿಕೆ ಈಗ ಹೇಳಿಕಳಿಸಿದ್ದಳು. ಇವತ್ತು ಸಂಜೆಯ ಟಪಾಲು ತಪ್ಪಿದರೆ ಮೆಸ್ಸೂ ತಪ್ಪಿದಂತೆಯೇ.

“ಮನಸ್ಸಲ್ಲಿ ಏನಿದೆ ಅಂತ ನಿಂಗೇ ಗೊತ್ತಿಲ್ಲ. ಯಂತ್ರ ಹೇಳುತ್ತೆ ನೋಡು!” ಎಂದು ಮರುಳಸಿದ್ದಪ್ಪ ಸ್ವಿಚ್ ಒತ್ತಿದ.

ಊಟದ ಮೇಜಿನ ಮೇಲೆ ಮದರ್‌ಬೋರ್ಡ್ ಬೆತ್ತಲೆ ಮಲಗಿತ್ತು. ಪವರ್ ಸಪ್ಲೈ ಡಬ್ಬಿಯಿಂದ ಬಣ್ಣಬಣ್ಣದ ವೈರುಗಳು ಶಾವಿಗೆಯ ಹಾಗೆ ಇಳಿಬಿದ್ದಿದ್ದವು. ಫ್ಯಾನು ಒಮ್ಮೆ ಬೆಚ್ಚಿ, ಸುಮ್ಮನಾಯಿತು.

“ಕರೆಂಟ್ ಹೋಯ್ತಾ?”

“ಪಕ್ಕದ ಮನೇಲಿ ಗ್ರೈಂಡರ್ ತಿರುಗ್ತಿದೆ, ಕೇಳ್ತಿಲ್ವಾ? ಅಲ್ಲೋ, ಈ ಕೆಂಪು ವೈರುಗಳನ್ನ್ಯಾಕೆ ಜಡೆ ಹಾಕಿ ಹೊರಗೆ ಬಿಟ್ಟಿದೀಯ?”

“ಕೆಂಪು ಅಂದ್ರೆ ನಿಲ್ಲು ಅಂತ ಅಲ್ವೇನಕ್ಕ? ಓಡೋ ಯಂತ್ರಕ್ಕೆ ನಿಲ್ಲೋ ವೈರು ಯಾಕೆ? ದೊಡ್ಡ ಪ್ಲಗ್ಗಿಂದ ಒಂದೊಂದನ್ನೂ ನಿನ್ನ ಹೇರ್‌ಪಿನ್ನಲ್ಲಿ ಕಿತ್ತು ತೆಗೆದೆ. ಹಸಿರು ಮುಟ್ಟಿಲ್ಲ, ಹಸಿರು ಅಂದ್ರೆ ಹೋಗು!”

“ಅಯ್ಯೋ, ಇದೇನು ರೈಲೇನೋ! ಮತ್ತೆ ಹಳದಿ?”

“ನಿಧಾನಕ್ಕೆ ಹೋಗು ಅಂತ. ಇರ್ಲಿ ಅಂತ ಬಿಟ್ಟೆ.”

ಗೊಣಗುತ್ತಲೇ ಅವನು ಕೆಂಪು ವೈರುಗಳನ್ನು ಕಿತ್ತಲ್ಲಿಗೇ ಮತ್ತೆ ಚುಚ್ಚಿ, ದೊಡ್ಡ ಪ್ಲಗ್ಗನ್ನು ಕೂರಿಸಿದ. ಫ್ಯಾನು ಭರ್ರೆಂದಿತು. ಪರದೆ ಮಾತ್ರ ಕಪ್ಪಗೇ ಇತ್ತು.

“ಮೈಗೆ ಕರೆಂಟ್ ಬಂತು, ಮಿದುಳಿಗೆ ಬಂದಿಲ್ಲ! ಮಿದುಳಿನ ಚಿಪ್ಪಿಗೆ ಬೇರೆ ಸಾಕೆಟ್ ಇದೆ, ಈ ಮೂಲೇಲಿ. ಎಂಟು ತೂತು.” ಎಂಟು ಕಡ್ಡಿಯ ಪ್ಲಗ್ಗೊಂದು ಕೈಗೆ ಸಿಕ್ಕಿತು. ಒತ್ತಿದ, ಹೋಗಲಿಲ್ಲ. ಮುದ್ದೆಕೋಲು ತಂದು ಎರಡು ಬಿಟ್ಟ, ಹೋಯಿತು!

ಪ್ರಿಂಟರು ಕರಕರ ಎಂದು ಒಂದು ಹಾಳೆ ಉಗುಳಿತು. ‘ಹಾಲಕ್ಕ ಕಡೂರಿಗೆ ಹೋದರೆ ಅವರ ಹಿತ್ತಿಲ ಕರಿಬೇವು ನಮಗೇ.’

“ಇದು ನನ್ನ ಮನಸ್ಸಲ್ಲ ಕಣೋ! ಪಕ್ಕದ ಮನೆ ಚೆನ್ನಬಸಮ್ಮಂದು!”

ಎರಡನೆಯ ಹಾಳೆ ಎದುರು ಮನೆಯ ಮೇಷ್ಟ್ರದು. ‘ಎಲ್ಲಿ ಹೋಗ್ತಾಳೆ? ಯುಗಾದಿಯಿಂದ ಹೋಗ್ತೀನಿ ಹೋಗ್ತೀನಿ ಅಂತಲೇ ಇದಾಳೆ.’ ಮೂರನೆಯದು ಕಿಟಕಿಯಲ್ಲಿ ಕೂತಿದ್ದ ಬೆಕ್ಕಿನದಿರಬೇಕು. ‘ಈ ಬೀದಿಯಲ್ಲಿ ಒಬ್ಬರೂ ಮೀನು ತರುವುದಿಲ್ಲ. ಹಾಲಮ್ಮ ಹೋದರೆ ಮೊಸರನ್ನವೂ ಇಲ್ಲ.’

ಅಷ್ಟರಲ್ಲಿ ಸಾಕೆಟ್ಟಿನಿಂದ ಹೊಗೆಯೆದ್ದಿತು. “ಏನೋ ಸುಟ್ಟ ವಾಸನೆ, ಹಾಲಕ್ಕ…” ಎನ್ನುತ್ತ ಒಳಗೆ ಬಂದ ಚೆನ್ನಬಸಮ್ಮ, ಮೇಜಿನ ಮೇಲಿದ್ದ ಮೊದಲ ಹಾಳೆ ಓದಿ ಬಿಳಿಚಿಕೊಂಡಳು.

“ಕರಿಬೇವು ಎರಡು ಕಡ್ಡಿ ಇವತ್ತೇ ಕಿತ್ಕೊಂಡು ಹೋಗಮ್ಮ, ನಾನು ಹೋಗೋವರೆಗೆ ಯಾಕೆ ಕಾಯ್ತೀಯ?” ಎಂದಳು ಹಾಲಮ್ಮ. ಆಮೇಲೆ ತಮ್ಮನ ಕಡೆ ತಿರುಗಿದಳು. “ಮೊದ್ಲು ಆರಿಸೋ! ಕುಕ್ಕರ್ ಮುಚ್ಚಳ ಹಾಕೋವಾಗ ಯಾರಾದ್ರೂ ಮುದ್ದೆಕೋಲಲ್ಲಿ ಗುದ್ದುತಾರಾ? ಅದು ತಾನಾಗೇ ಕೂರಬೇಕು.”

ಮರುಳಸಿದ್ದಪ್ಪ ಯಂತ್ರ ಆರಿಸಿ, ಮುಖ ಸಣ್ಣಗೆ ಮಾಡಿಕೊಂಡು, ಮದರ್‌ಬೋರ್ಡಿನ ಜೊತೆ ಬಂದಿದ್ದ ಪುಸ್ತಕವನ್ನು ಮೊದಲ ಸಲ ಬಿಚ್ಚಿದ. ಓದುತ್ತ ಓದುತ್ತ ಕಣ್ಣು ಅರಳಿತು.

“ಅಕ್ಕ! ನಾನು ಗುದ್ದಿದ್ದು ಚಿತ್ರ ತೋರ್ಸೋ ಕಾರ್ಡಿನ ಪ್ಲಗ್ಗು! ಅದರಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು. ಅದಕ್ಕೇ ಯಂತ್ರ ಉಲ್ಟಾ ಓದಿದೆ! ನಿನ್ನ ಮನಸ್ಸಲ್ಲಿ ಏನಿದೆ ಅನ್ನೋದು ಬಿಟ್ಟು, ನಿನ್ನ ಬಗ್ಗೆ ಊರಿನ ಮನಸ್ಸಲ್ಲಿ ಏನಿದೆ ಅಂತ!”

“ಅದಕ್ಕೆ ಯಂತ್ರ ಯಾಕೆ ಬೇಕು? ನಲ್ಲಿ ಹತ್ರ ನಿಂತ್ರೆ ಸಾಕು.”

ಸರಿಯಾದ ಪ್ಲಗ್ಗು ವೈರುಗಳ ಗೋಜಲಿನಲ್ಲೇ ಇತ್ತು. ನಾಲ್ಕು ನಾಲ್ಕು ಕಡ್ಡಿಯ ಎರಡು ತುಂಡು ಸೇರಿ ಎಂಟು. ಮೈಮೇಲೆ ಸಿಪಿಯು ಅಂತ ಬರೆದಿತ್ತು. ಹಾಲಮ್ಮ ಎರಡನ್ನೂ ಜೋಡಿಸಿ ಹಿಡಿದಳು. ಅವನು ಕೊಕ್ಕೆಯ ಕಡೆಗೆ ಕೊಕ್ಕೆ ಬರುವಂತೆ ನೋಡಿ ಇಳಿಸಿದ. ಟಕ್! ಬೆರಳಿನಲ್ಲೇ ಕೂತಿತು. ಸ್ವಿಚ್ ಒತ್ತಿದ, ಪರದೆ ಬೆಳಗಿತು.

“ಈ ಸಲ ಜರಡಿ ನಿಂಗೆ,” ಎಂದಳು ಹಾಲಮ್ಮ. “ನನ್ನ ತಲೆ ಸುಟ್ರೆ ಮೆಸ್ ನಡೆಸೋರು ಯಾರು?”

“ಬೇಡ ಅಕ್ಕ! ನನ್ನ ತಲೇಲಿ ಏನೂ ಇಲ್ಲ!”

“ಅದು ಊರಿಗೇ ಗೊತ್ತು. ಆದ್ರೂ ನೋಡೋಣ.”

ಅವನು ಕೊಸರಾಡುವಷ್ಟರಲ್ಲಿ ಜರಡಿ ಕೂತಾಗಿತ್ತು. ಪ್ರಿಂಟರು ಈ ಸಲ ಮೆತ್ತಗೆ ಬರೆಯಿತು. ‘ಅಕ್ಕ ಹೋದರೆ ಮುದ್ದೆ ಮಾಡುವವರು ಯಾರು? ನಾನು ಮಾಡಿದರೆ ಬರೀ ಗಂಟು. ಆದರೂ ಅಕ್ಕ ಹೋಗಲಿ. ಬಾಯಿಬಿಟ್ಟು ಹೇಳಿದರೆ ಅಳು ಬರುತ್ತದೆ, ಅದಕ್ಕೇ ಯಂತ್ರ ಕಟ್ಟಿದೆ. ಅಕ್ಕ ಹೋಗಲಿ. ಅಕ್ಕ ಹೋಗಲಿ…’

ಹಾಳೆ ಮುಗಿಯಿತು, ಮನಸ್ಸು ಮುಗಿಯಲಿಲ್ಲ! ಪ್ರಿಂಟರು ಹತ್ತಿರದಲ್ಲಿದ್ದ ಅವನ ಪಂಚೆಯ ಅಂಚನ್ನೇ ಕಚ್ಚಿ ಎಳೆದುಕೊಂಡಿತು. “ಅಕ್ಕ! ಆರ್ಸು! ಮಾನ ಹೋಗುತ್ತೆ!” ಎಂದು ಅವನು ಒಂದು ಕೈಯಲ್ಲಿ ಜರಡಿ, ಇನ್ನೊಂದರಲ್ಲಿ ಪಂಚೆ ಹಿಡಿದು ಕುಣಿದ. ಹಾಲಮ್ಮ ಗೋಡೆಯ ಪ್ಲಗ್ಗು ಕಿತ್ತಾಗ ಪಂಚೆಯ ಅಂಚಿನುದ್ದಕ್ಕೂ ‘ಅಕ್ಕ ಹೋಗಲಿ’ ಅಚ್ಚಾಗಿತ್ತು.

ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು, ಕಣ್ಣನ್ನೂ ಸೇರಿಸಿ. ‘ಕ್ಷೇಮ’ದ ಕೆಳಗೆ ಬರೆದಳು: ‘ಬರುತ್ತೇನೆ. ಸೋಮವಾರದ ಪ್ಯಾಸೆಂಜರಿಗೆ. ಮುದ್ದೆಕೋಲು ನಾನೇ ತರುತ್ತೇನೆ, ಇಲ್ಲಿಟ್ಟರೆ ಅಪಾಯ.’

“ನಿನ್ನ ಮನಸ್ಸನ್ನ ಯಂತ್ರ ಓದ್ಲೇ ಇಲ್ವಲ್ಲಕ್ಕ!”

“ನಡಿಯೋ, ಟಪಾಲು ಹೋಗುತ್ತೆ. ಗಂಟಿಲ್ಲದ ಮುದ್ದೆ ಹೇಗೆ ಅಂತ ನಾಳೆ ಹೇಳಿಕೊಡ್ತೀನಿ. ಭಾನುವಾರ ಭಾನುವಾರ ಬಂದು ಪರೀಕ್ಷೆ ಮಾಡ್ತೀನಿ.”

ಪಂಚೆ ಬದಲಿಸಲೂ ಹೊತ್ತಿರಲಿಲ್ಲ. ಇಬ್ಬರೂ ಓಡುತ್ತ ಸ್ಟೇಷನ್ನಿನ ಟಪಾಲು ಡಬ್ಬಿಯ ಹತ್ತಿರ ಬಂದಾಗ, ಟಪಾಲಿನವನು ಬೀಗಕ್ಕೆ ಕೈ ಹಾಕಿದ್ದ. ಮರುಳಸಿದ್ದಪ್ಪನ ಪಂಚೆಯನ್ನು ಮೇಲಿಂದ ಕೆಳಗೆ ಓದಿ, ಹುಬ್ಬೇರಿಸಿದ.

“ಏನ್ ಸ್ವಾಮಿ, ಅಕ್ಕನ ಮೇಲೇ ಮುಷ್ಕರ ಹೂಡಿದೀರಾ?”

“ಹೂಡಿದ್ದ,” ಎಂದಳು ಹಾಲಮ್ಮ, ಕಾಗದವನ್ನು ಡಬ್ಬಿಯೊಳಗೆ ಬಿಡುತ್ತ. “ಬೇಡಿಕೆ ಈಡೇರಿತು.”