ಸಂಜೆಗೆ ಇಳಿಯದ ರೈಲಿನ ದರ

ರೈಲಿನವರು ನನಗೆ ಮೋಸ ಮಾಡಲಿಲ್ಲ. ನಾನೇ ಮೀನು ಮಾರ್ಕೆಟಿನ ಬುದ್ಧಿ ತೆಗೆದುಕೊಂಡು ಹೋಗಿ ಟಿಕೇಟು ಕೌಂಟರಿನಲ್ಲಿ ಬಿಚ್ಚಿದೆ. ಆದದ್ದು ಇಷ್ಟೇ.

ಮುಂಬಯಿಯಲ್ಲಿರುವ ನನ್ನ ತಂಗಿ ಗಿರಿಜೆಗೆ ಶುಕ್ರವಾರ ಬೆಳಿಗ್ಗೆ ಮಂಡಿಯ ಆಪರೇಶನ್. "ಅಕ್ಕ, ನಿನ್ನ ಮುಖ ನೋಡದೆ ನಾನು ಒಳಗೆ ಹೋಗುವುದಿಲ್ಲ" ಎಂದು ಫೋನಿನಲ್ಲಿ ಅತ್ತಳು. ಗುರುವಾರ ಹೊರಟು ಬರುತ್ತೇನೆ ಎಂದೆ. ರೈಲು ಹತ್ತುವುದು ಎಂತ ದೊಡ್ಡ ವಿಷಯ!

ಸೋಮವಾರ ಕಾಪುವಿನಿಂದ ಉಡುಪಿ ಸ್ಟೇಷನ್ನಿಗೆ ಹೋದೆ. ಕೌಂಟರಿನಲ್ಲಿ ಗದಗ ಕಡೆಯವರೊಬ್ಬರು. ಗುರುವಾರಕ್ಕೆ ಸೀಟು ಇತ್ತು. ದರ ಹೇಳಿದರು.

"ಮುದುಕಿಯರಿಗೆ ಕಮ್ಮಿ ಇಲ್ವಾ?"

"ಕೊರೊನಾ ಟೈಮಿಗೆ ತಗದಾರ್ರೀ ಅಮ್ಮಾ."

"ಹಾಗಾದರೆ ನೀವೇ ಸ್ವಲ್ಪ ನೋಡಿ ಹಾಕಿ."

"ದರ ನಾ ಹಾಕೂದಲ್ರೀ. ದಿಲ್ಲಿಯೊಳಗ ಕಿಲೋಮೀಟರ್ ನೋಡಿ ಹಾಕ್ತಾರ. ನಾ ಬರೇ ಬಟನ್ ಒತ್ತಾಂವ."

ನಾನು ನಂಬಲಿಲ್ಲ. ಹಿಂದಿನಿಂದ ಇನ್ನೊಂದು ಬಸ್ಸು ಬಂತೆಂದರೆ ನಮ್ಮ ಕಾರ್ಕಳದ ಬಸ್ಸಿನ ಕಂಡಕ್ಟರೂ ಚಿಲ್ಲರೆ ಬಿಡುತ್ತಾನೆ. ಬಂಗುಡೆ ಮೀನು ಸಂಜೆಗೆ ಅರ್ಧಕ್ಕೆ ಇಳಿಯುತ್ತದೆ. ಖಾಲಿ ಸೀಟು ಹೊತ್ತುಕೊಂಡು ಮುಂಬಯಿವರೆಗೆ ಓಡಲಿಕ್ಕೆ ರೈಲಿಗೆ ಹುಚ್ಚಾ? ಹೊರಡುವ ದಿನ ಹತ್ತಿರ ಬರಲಿ, ತಾವಾಗಿ ಇಳಿಸುತ್ತಾರೆ!

ತಿರುಗಿ ಬಂದೆ. "ಟಿಕೇಟು ಆಯಿತಾ?" ನನ್ನ ಯಜಮಾನರು ಕೇಳಿದರು.

"ಬಾಡಲಿಕ್ಕೆ ಬಿಟ್ಟಿದ್ದೇನೆ."

"ಅದು ಮೀನಲ್ಲ ಮಾರಾಯ್ತಿ!"

ಮದುವೆಯಾದಂದಿನಿಂದ ಇವರ ಮಾತು ಕೇಳಿದವಳಲ್ಲ. ಅಂದೂ ಕೇಳಲಿಲ್ಲ.

ಬುಧವಾರ ಹನ್ನೊಂದಕ್ಕೆ ಪುನಃ ಕೌಂಟರಿಗೆ. ಮಾಮೂಲಿ ಸೀಟೆಲ್ಲ ಮುಗಿದಿತ್ತು. ಇನ್ನು ತತ್ಕಾಲ್ ಮಾತ್ರ, ಅದಕ್ಕೆ ದರ ಹೆಚ್ಚು ಎಂದರು.

"ಹೆಚ್ಚಾ! ಹಳತಾದ ಹಾಗೆ ರೇಟು ಏರುವುದು ಯಾವ ಊರಿನ ನ್ಯಾಯ?"

ಅವರು ವಿವರಿಸಿದರು. ನಾನು ವಾದಿಸಿದೆ. ಅವರು ಪುನಃ ವಿವರಿಸಿದರು. "ಅಜ್ಜಿ, ತೆಗೆದುಕೊಳ್ಳಿ, ಇಲ್ಲದಿದ್ದರೆ ಜಾಗ ಬಿಡಿ!" ಹಿಂದಿನಿಂದ ಯಾರೋ ಕೂಗಿದರು. "ನಿಮಗೇನು ಗೊತ್ತುಂಟು?" ಎಂದು ಅವರಿಗೂ ಎರಡು ಮಾತು ಹೇಳಿ ಈ ಕಡೆ ತಿರುಗಿದೆ.

"ಅಮ್ಮಾ, ನೀವು ನ್ಯಾಯ ಕೇಳೂದ್ರಾಗ ಸೀಟು ಮುಗದ್ವು."

ಹತ್ತು ನಿಮಿಷವೂ ಆಗಿರಲಿಲ್ಲ!

ಉಳಿದದ್ದು ಖಾಸಗಿ ಬಸ್ಸು. ಅಲ್ಲಿಯ ಬುಕಿಂಗಿನವನು ದೇವರಂಥವನು. ಚೌಕಾಸಿ ಮಾಡಿದ ಕೂಡಲೇ ನಗುತ್ತಾ ಐವತ್ತು ರೂಪಾಯಿ ಬಿಟ್ಟ. "ನಿಮಗೆ ಅಂತ" ಎಂದ. ಯುದ್ಧ ಗೆದ್ದವಳ ಹಾಗೆ ಮನೆಗೆ ಬಂದು ಚೀಟಿ ತೋರಿಸಿದೆ. ಇವರು ಕನ್ನಡಕ ಹಾಕಿ ಓದಿದರು.

"ಇದು ರೈಲಿನ ಎರಡರಷ್ಟು ಆಯಿತಲ್ಲ!"

"ಐವತ್ತು ಬಿಟ್ಟಿದ್ದಾನೆ."

"ದಿಲ್ಲಿಯವರು ಹಾಕಿದ್ದು ಎಲ್ಲರಿಗೂ ಒಂದೇ ದರ. ಇವನು ಹಾಕಿದ್ದು ನಿನ್ನ ಮುಖ ನೋಡಿ."

ಚೀಟಿ ಕಿತ್ತುಕೊಂಡು ಚೀಲಕ್ಕೆ ತುರುಕಿದೆ.

ಗುರುವಾರ ಆ ಬಸ್ಸಿನಲ್ಲಿ ಕೂತೆ. ರಸ್ತೆ ಕೆಲಸ, ಊಟದ ಹೋಟೆಲು, ಪುನಃ ರಸ್ತೆ ಕೆಲಸ. ಕಾಲು ಚಾಚಲಿಕ್ಕೆ ಜಾಗ ಇಲ್ಲ. ಮರುದಿನ ಬೆಳಿಗ್ಗೆ ಆಸ್ಪತ್ರೆ ಮುಟ್ಟುವಾಗ ಒಂಬತ್ತೂವರೆ. ಗಿರಿಜೆಯನ್ನು ಎಂಟಕ್ಕೇ ಒಳಗೆ ಕರೆದುಕೊಂಡು ಹೋಗಿದ್ದರು. ನನ್ನ ಮುಖ ನೋಡದೆಯೇ ಹೋಗಿದ್ದಳು.

ಬಾಗಿಲಲ್ಲಿ ಗೋಡೆ ಹಿಡಿದು ನಿಂತೆ. ಎರಡೂ ಮಂಡಿ ಮಡಚಲಿಕ್ಕೂ ಆಗದು, ಬಿಡಿಸಲಿಕ್ಕೂ ಆಗದು. ನರ್ಸೊಬ್ಬಳು ಗಾಲಿ ಕುರ್ಚಿ ತಳ್ಳಿಕೊಂಡು ಓಡಿ ಬಂದಳು. "ಮಂಡಿಯ ಪೇಶೆಂಟಾ? ತಡ ಮಾಡಿದಿರಲ್ಲ!" ಎಂದಳು ಹಿಂದಿಯಲ್ಲಿ.

ಅಲ್ಲ ಎನ್ನಲಿಲ್ಲ. ಕೂತುಬಿಟ್ಟೆ.