ಒಂದೇ ಒಂದು ಎಳೆ ರೇಷ್ಮೆ

"ಅಮ್ಮಾ, ತಾತ ಯಾಕೆ ನಮ್ಮನೆ ಪರದೇನ ಸುಟ್ಟು ಸುಟ್ಟು ಮೂಸ್ತಿದಾರೆ?"

ಐದು ವರ್ಷದ ಪುಟ್ಟಿ ಇದನ್ನು ಕೇಳಿದ್ದು ಹಾಲಿನ ಲೋಟ ಕೆಳಗಿಡುತ್ತ, ಇವತ್ತು ಸ್ಕೂಲಿಗೆ ರಜಾನಾ ಎಂದು ಕೇಳುವಷ್ಟು ನಿರಾಳವಾಗಿ. ಅವಳ ಅಮ್ಮ ಕೈಯಲ್ಲಿದ್ದ ಸೌಟನ್ನು ಎಲ್ಲಿಟ್ಟೆನೆಂದೂ ನೋಡದೆ ಬಾಲ್ಕನಿಗೆ ಓಡಿದಳು. ಅಲ್ಲಿ ತಾತ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ಒಂದು ಸ್ಟೂಲು. ಅದರ ಮೇಲೆ ಉರಿಯುವ ಮೋಂಬತ್ತಿ, ನೀರು ಹಾಕಿದ ಸ್ಟೀಲ್ ತಟ್ಟೆ. ತಾತನ ಕೈಯಲ್ಲಿ ಸೊಸೆ ಹುಬ್ಬು ತಿದ್ದಿಕೊಳ್ಳುವ ಚಿಮಟ. ಚಿಮಟದ ತುದಿಯಲ್ಲಿ ಪರದೆಯಿಂದ ಕಿತ್ತ ಎಳೆಯೊಂದು ಕರಗಿ ತೊಟ್ಟಿಕ್ಕುತ್ತಿತ್ತು.

"ಮಾವ, ಏನಿದು?"

"ಪಾಲಿಯೆಸ್ಟರು," ಎಂದರು ತಾತ, ಡಾಕ್ಟರು ಕಾಯಿಲೆಯ ಹೆಸರು ಹೇಳುವ ಗಾಂಭೀರ್ಯದಲ್ಲಿ. "ಮೂರು ವರ್ಷದಿಂದ ಕಾಟನ್ ಅಂತ ನಂಬಿ ನೇತುಹಾಕಿದೀವಿ."

ತಾತ ಮೂವತ್ತೆಂಟು ವರ್ಷ ಜವಳಿ ಅಂಗಡಿಯ ಕೌಂಟರಿನ ಹಿಂದೆ ನಿಂತವರು. ಕೆಲಸದಿಂದ ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು. ಆದರೆ ಬೆರಳುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಸೋಫಾದಲ್ಲಿ ಸುಮ್ಮನೆ ಕೂತಾಗಲೂ ಹೆಬ್ಬೆರಳು ತೋರುಬೆರಳಿನ ಮೇಲೆ ಕಾಣದ ಬಟ್ಟೆಯೊಂದನ್ನು ಉಜ್ಜಿ ನೋಡುತ್ತಲೇ ಇರುತ್ತಿತ್ತು. ಹೀಗಿರುವಾಗ ಹಿಂದಿನ ವಾರ ಮಗ ಹೊಸ ಹಾಸುಬಟ್ಟೆ ತರಿಸಿದ್ದ. ಲೇಬಲ್ಲಿನ ಮೇಲೆ 'ನೂರಕ್ಕೆ ನೂರು ಹತ್ತಿ' ಎಂದಿತ್ತು. ಅದರ ಮೇಲೆ ಒಂದು ಮಧ್ಯಾಹ್ನ ಮಲಗಿ ಬೆವರಿನಲ್ಲಿ ತೊಯ್ದು ಎದ್ದ ತಾತ, ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟರು. ಹತ್ತಿಯಾಗಿದ್ದರೆ ಕಾಗದದ ಹಾಗೆ ಉರಿದು, ಊದಿದರೆ ಹಾರುವ ಬೂದಿಯಾಗಬೇಕಿತ್ತು. ಇದು ಅರ್ಧ ಉರಿದು, ಅರ್ಧ ಕರಗಿ, ಕರ್ರಗೆ ಗಂಟು ಕಟ್ಟಿಕೊಂಡಿತು. ಆ ಕ್ಷಣವೇ ಶಪಥವಾಯಿತು: ಈ ಮನೆಯಲ್ಲಿ ಇನ್ನು ಯಾವ ಬಟ್ಟೆಯೂ ಸುಳ್ಳು ಹೆಸರಿಟ್ಟುಕೊಂಡು ಬಾಳಬಾರದು.

"ಲೇಬಲ್ ಬರೆಯೋನು ಮನುಷ್ಯ ಕಣಮ್ಮ," ಎಂದು ಈಗ ಸೊಸೆಗೆ ವಿವರಿಸಿದರು. "ಬೆಂಕಿಗೆ ಓದೋಕೆ ಬರಲ್ಲ. ಅದಕ್ಕೇ ಅದು ಮೋಸ ಹೋಗಲ್ಲ."

ಸೊಸೆ ವಾದಕ್ಕೆ ನಿಲ್ಲಲಿಲ್ಲ. ಬಚ್ಚಲಿನಿಂದ ಒಂದು ಬಕೆಟ್ ನೀರು ತಂದು ಮಾವನ ಪಕ್ಕದಲ್ಲಿಟ್ಟಳು. ಪರದೆಯನ್ನು ಸರಿಸಿ ಗಂಟು ಹಾಕಿದಳು.

"ಬಾಲ್ಕನೀಲಿ ಮಾತ್ರ. ಎಳೆ ಒಳಮಡಿಕೆಯಿಂದ ಮಾತ್ರ. ಪುಟ್ಟಿ ಈ ಬಾಗಿಲು ದಾಟಿ ಬರೋ ಹಾಗಿಲ್ಲ. ಆಮೇಲೆ, ಆ ಚಿಮಟ ನಂದು."

"ಹೊಸದು ಕೊಡಿಸ್ತೀನಿ ಬಿಡಮ್ಮ."

"ಕೊಡಿಸಿ. ಅದು ನಿಜವಾಗ್ಲೂ ಸ್ಟೀಲೇನಾ ಅಂತ ಸುಟ್ಟು ನೋಡಿ ಕೊಡಿಸಿ."

ಅಪ್ಪಣೆ ಸಿಕ್ಕಿದ್ದೇ ತಡ, ತಾತನ ದಂಡಯಾತ್ರೆ ಕೋಣೆಯಿಂದ ಕೋಣೆಗೆ ಸಾಗಿತು. ಟವೆಲುಗಳು ಮಾನ ಉಳಿಸಿಕೊಂಡವು. ಸೋಫಾದ ಹೊದಿಕೆ ಮಾನ ಕಳೆದುಕೊಂಡಿತು. ಮಗನ ಕೋಟಿನ ಸರದಿ ಬಂದಾಗ ತಾತ ಪುಟ್ಟಿಗೆ ಬಾಗಿಲಾಚೆಯಿಂದಲೇ ಪಾಠ ಹೇಳಿದರು: ಉಣ್ಣೆಗೆ ಉರಿಯಲು ಸೋಮಾರಿತನ, ಬೆಂಕಿಯಿಂದ ಈಚೆ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯನ್ನು ಹಿಸುಕಿದರೆ ಪುಡಿಯಾಗುತ್ತದೆ. ಕೋಟಿನ ಎಳೆ ಕೂದಲಿನ ವಾಸನೆಯನ್ನೇನೋ ಕೊಟ್ಟಿತು, ಆದರೆ ಕೊನೆಯಲ್ಲಿ ಹಿಸುಕಿದರೂ ಬಗ್ಗದ ಗುಂಡೊಂದನ್ನು ಉಳಿಸಿತು.

ಸಂಜೆ ಮಗ ಬಂದಾಗ ತೀರ್ಪು ಕಾದಿತ್ತು. "ಅರ್ಧ ಕುರಿ, ಅರ್ಧ ಕಾರ್ಖಾನೆ."

"ಅಪ್ಪಾ, ನಾಳೆ ಮೀಟಿಂಗಿಗೆ ಅದನ್ನೇ ಹಾಕ್ಕೋಬೇಕು."

"ಹಾಕ್ಕೋ. ಕುರಿ ಇರೋ ಕಡೆ ಬೆಚ್ಚಗಿರುತ್ತೆ."

ಪುಟ್ಟಿಯ ಸ್ವೆಟರಿನ ಹತ್ತಿರ ಮಾತ್ರ ಯಾತ್ರೆ ಎಡವಿತು. ಅದು ಅಜ್ಜಿ ಕೈಯಾರೆ ಹೆಣೆದದ್ದು. ತಾತ ಜೀವಮಾನವಿಡೀ ಮಾರಿದ್ದು ನೇಯ್ದ ಬಟ್ಟೆ. ನೇಯ್ದದ್ದರಲ್ಲಿ ಒಂದು ಎಳೆ ಎಳೆದರೆ ಒಂದೇ ಎಳೆ ಬರುತ್ತದೆ. ಹೆಣೆದದ್ದು ಹಾಗಲ್ಲ. ತಾತ ಎಳೆದರು, ಬಂತು. ಇನ್ನೂ ಬಂತು. ತುಂಡಾಗುತ್ತದೆಂದು ಇನ್ನಷ್ಟು ಎಳೆದರು. "ತಾತ, ಇನ್ನೂ ಇದೆ, ಎಳೀರಿ," ಎಂದು ಪುಟ್ಟಿ ಬಾಗಿಲಾಚೆಯಿಂದ ಕುಣಿದಳು. ಕತ್ತರಿ ಸಿಗುವ ಹೊತ್ತಿಗೆ ತೋಳು ಮೊಣಕೈವರೆಗೆ ಮಾಯವಾಗಿತ್ತು. ಕತ್ತರಿಸಿದ ದಾರದ ತುದಿಯನ್ನು ಸುಟ್ಟು, ಕಪ್ಪು ಹೊಗೆ ನೋಡಿ, "ಇದು ಉಣ್ಣೆಯಲ್ಲ, ಅಕ್ರಿಲಿಕ್ಕು," ಎಂದು ತಾತ ಸಮರ್ಥನೆ ಕೊಟ್ಟರು. ಅಜ್ಜಿ ಬಿಚ್ಚಿದ ದಾರವನ್ನು ಉಂಡೆ ಸುತ್ತಿ ಎತ್ತಿಟ್ಟರು.

ಇಷ್ಟರಲ್ಲಿ ತಾತನ ಕೀರ್ತಿ ಮೆಟ್ಟಿಲಿಳಿದು ಬೀದಿಗೂ ಹೋಯಿತು. ಮೇಲಿನ ಮನೆಯ ಸಂಗೀತದ ಟೀಚರು ದಿಂಬಿನ ಕವರು ತಂದರು. ಮೂಲೆಯ ಟೈಲರು ಗಿರಾಕಿಯೊಬ್ಬರ ಲಿನನ್ ತುಂಡು ಹಿಡಿದು ಬಂದ. ಲಿನನ್ನೂ ಹತ್ತಿಯೂ ಬೆಂಕಿಯಲ್ಲಿ ಅಣ್ಣತಮ್ಮಂದಿರಂತೆ ಒಂದೇ ಥರ ಉರಿಯುತ್ತವೆ, ಸುಟ್ಟು ಬೇರೆ ಮಾಡುವುದು ಯಾರಿಂದಲೂ ಆಗದು. ತಾತ ಅದನ್ನು ಒಪ್ಪಿಕೊಳ್ಳದೆ, "ಗಿಡದಿಂದ ಬಂದದ್ದು. ಅಷ್ಟಕ್ಕೆ ನಾನು ಗ್ಯಾರಂಟಿ," ಎಂದು ಘನತೆಯಿಂದ ಕಳಿಸಿಕೊಟ್ಟರು.

ಗುರುವಾರ ಅಜ್ಜಿ ಬಾಯಿ ತೆರೆದರು.

"ರೀ, ಊರವರದ್ದೆಲ್ಲ ಸುಟ್ಟಾಯ್ತು. ಭಾನುವಾರ ನಾಲ್ಕಕ್ಕೆ ನನ್ನ ತಂಗಿ ಬರ್ತಾಳೆ. ಅವಳ ಮುಂದೆ ನನ್ನ ರೇಷ್ಮೆ ಶಾಲಿಂದು ಒಂದು ಎಳೆ ಸುಟ್ಟು ತೋರಿಸಿ. ಇಷ್ಟು ವರ್ಷದಿಂದ 'ಅಕ್ಕ, ಇದು ರೇಷ್ಮೇನಾ? ತೊಳೆದ ಪಾತ್ರೆ ಥರ ಹೊಳೆಯತ್ತಲ್ಲ' ಅಂತ ಚುಚ್ತಾಳೆ. ಒಂದು ಸಲ ಅವಳ ಬಾಯಿ ಮುಚ್ಚಿಸಿ."

"ಅಷ್ಟೇನಾ," ಎಂದು ತಾತ ಎದೆಯುಬ್ಬಿಸಿದರು.

ಆ ಕೆನೆಬಣ್ಣದ ಶಾಲನ್ನು ತಂದವರು ಅವರೇ. ಮದುವೆಯಾದ ಹೊಸತು, ಅಂಗಡಿಗೆ ಸೇರಿ ಮೂರು ತಿಂಗಳು. ಯಾರನ್ನೂ ಕೇಳದೆ, ತಮ್ಮದೇ ಬೆರಳಿಂದ ಮುಟ್ಟಿ, ಕಟ್ಟಿನಿಂದ ಆರಿಸಿ, 'ಅಪ್ಪಟ ರೇಷ್ಮೆ' ಎಂದು ಹೆಂಡತಿಯ ಹೆಗಲಿಗೆ ಹೊದಿಸಿದ ಮೊದಲ ಬಟ್ಟೆ. ಮಾರನೆಯ ದಿನ ಕೌಂಟರಿನ ಹಿಂದೆ ತಾನೊಬ್ಬ ಜವಳಿ ಬಲ್ಲವನೆಂದು ನಿಂತದ್ದು ಆ ಶಾಲಿನ ಧೈರ್ಯದ ಮೇಲೆಯೇ.

ಶುಕ್ರವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ, ಸುಮ್ಮನೆ ಒಂದು ತಾಲೀಮು ಇರಲಿ ಎಂದು ತಾತ ಬೀರು ತೆರೆದರು. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಶಾಲಿನ ಒಳಮಡಿಕೆಯಿಂದ ಒಂದು ಎಳೆ ತೆಗೆದು ಮೋಂಬತ್ತಿಯ ಹತ್ತಿರ ಒಯ್ದರು. ರೇಷ್ಮೆಯೂ ಉಣ್ಣೆಯ ಹಾಗೆಯೇ. ನಿಧಾನವಾಗಿ ಸುಟ್ಟು, ಕೂದಲಿನ ವಾಸನೆ ಬಿಟ್ಟು, ಪುಡಿಯಾಗಬೇಕು. ಈ ಎಳೆ ಬೆಂಕಿ ತಾಗುವ ಮೊದಲೇ ಹೆದರಿದಂತೆ ಮುದುಡಿತು. ಕರಗಿತು. ಕರ್ರಗೆ ಗುಂಡಾಯಿತು. ತಾತ ಹಿಸುಕಿದರು, ಬಗ್ಗಲಿಲ್ಲ. ಇದು ಹೊಲಿಗೆಯ ದಾರವಿರಬೇಕು ಎಂದುಕೊಂಡು ಎರಡನೆಯದು ಸುಟ್ಟರು. ಆಮೇಲೆ ಇನ್ನೊಂದು ಅಂಚಿನಿಂದ ಮೂರನೆಯದು. ತಟ್ಟೆಯಲ್ಲಿ ಮೂರು ಸಾಸಿವೆ ಕಾಳುಗಳು ಸಾಲಾಗಿ ಕೂತವು.

ತಾತನೂ ಕೂತರು. ಹೆಂಡತಿ ಆ ಶಾಲನ್ನು ಬಿಸಿಲಿಗೆ ಹಾಕಿದವಳಲ್ಲ, ಯಾರಿಗೂ ಕೊಟ್ಟವಳಲ್ಲ. ಮನೆಗೆ ಬಂದವರಿಗೆಲ್ಲ 'ಇವರೇ ಆರಿಸಿದ್ದು' ಎಂದು ತೋರಿಸಿದವಳು. ಭಾನುವಾರ ನಾಲ್ಕು ಗಂಟೆಗೆ ತಂಗಿಯ ಎದುರು ಆ ಮಾತು ಕರಗಿ ಗುಂಡಾಗಲಿತ್ತು.

ಶನಿವಾರ ಬೆಳಿಗ್ಗೆ ತಾತನಿಗೆ ನೆಗಡಿಯಾಯಿತು.

"ಮೂಗು ಕಟ್ಟಿದೆ ಕಣೇ. ವಾಸನೆ ತಿಳಿಯಲ್ಲ. ಇನ್ನೊಂದು ಸಲ ನೋಡೋಣ."

"ಮೂಸೋಕೆ ನನ್ನ ತಂಗಿ ಇದಾಳಲ್ಲ. ಪಕ್ಕದ ಬೀದಿ ಅಡುಗೇಲಿ ಉಪ್ಪು ಕಮ್ಮಿ ಅಂತ ಇಲ್ಲಿಂದ್ಲೇ ಹೇಳ್ತಾಳೆ."

"ಮೋಂಬತ್ತಿ ಮುಗಿದಿದೆ."

"ಒಂದು ಡಜನ್ ತರಿಸಿದೀನಿ."

"ಅಂಥಾ ಶಾಲಿಂದ ಎಳೆ ಕೀಳೋಕೆ ಮನಸ್ಸು ಬರಲ್ಲ."

"ನಾನು ಹೆಣೆದ ತೋಳು ಕೀಳೋವಾಗ ಆ ಮನಸ್ಸು ಎಲ್ಲಿಗೆ ಹೋಗಿತ್ತು?"

ಸಂಜೆ ತಾತ ಮತ್ತೊಮ್ಮೆ ಧೈರ್ಯ ಕಟ್ಟಿಕೊಂಡು ಅಡುಗೆಮನೆಗೆ ಹೋದರು. "ನೋಡು, ನಿಂಗೊಂದು ವಿಷಯ ಹೇಳ್ಬೇಕು," ಎಂದರು. ಅಜ್ಜಿ ಒಲೆ ಸಣ್ಣ ಮಾಡಿ ಪೂರ್ತಿ ತಿರುಗಿ ನಿಂತು, "ಹೇಳಿ," ಎಂದರು. ಆ ಮುಖ ನೋಡಿದ ತಾತ, "ನೀರು ಬಿಸಿ ಮಾಡ್ತೀಯಾ?" ಎಂದು ಕೇಳಿ, ಬೇಡವಾಗಿದ್ದ ಬಿಸಿನೀರನ್ನು ಎರಡು ಲೋಟ ಕುಡಿದು ಬಂದರು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ತಂಗಿ ಬಂದಳು. ಬಾಲ್ಕನಿಯಲ್ಲಿ ಮೂರು ಕುರ್ಚಿ ಹಾಕಿದ್ದಾಯಿತು. ಸೊಸೆ ಬಕೆಟ್ಟಿಗೆ ನೀರು ತುಂಬಿ, ಪುಟ್ಟಿಯನ್ನು ಬಾಗಿಲಾಚೆ ಕೂರಿಸಿ, ಟೀ ಮಾಡಲು ಒಳಗೆ ಹೋದಳು. ಅಜ್ಜಿ ಶಾಲು ಹೊದ್ದು ಬಂದು ಕೂತರು. ತಾತ ಮೋಂಬತ್ತಿ ಹಚ್ಚಲು ಐದು ಕಡ್ಡಿ ಗೀರಿದರು.

"ಏನು ಭಾವ, ಒಂದು ಮೋಂಬತ್ತಿಗೆ ಐದು ಕಡ್ಡೀನಾ?"

"ನೆಗಡಿ," ಎಂದರು ತಾತ.

"ಇವರಿಗೆ ಕಣ್ಣೂ ಸರಿಯಾಗಿ ಕಾಣಲ್ಲ," ಎಂದರು ಅಜ್ಜಿ. "ಎಳೆ ನಾನೇ ತೆಗೆದಿಟ್ಟಿದೀನಿ." ಸೆರಗಿನ ತುದಿಯ ಗಂಟು ಬಿಚ್ಚಿ, ಕೆನೆಬಣ್ಣದ ಒಂದು ಎಳೆಯನ್ನು ಗಂಡನ ಚಿಮಟಕ್ಕೆ ಕೊಟ್ಟರು.

ತಾತ ಎಳೆಯನ್ನು ಬೆಂಕಿಗೆ ಒಯ್ದರು. ಅದು ಮುದುಡಲಿಲ್ಲ. ಕರಗಲಿಲ್ಲ. ತುದಿಯಿಂದ ನಿಧಾನವಾಗಿ, ಚಿಟಚಿಟ ಎನ್ನುತ್ತ ಸುಟ್ಟಿತು. ಈಚೆ ತೆಗೆದೊಡನೆ ತಾನೇ ಆರಿತು. ತಂಗಿ ಮೂಗು ಮುಂದೆ ಮಾಡಿ, "ಕೂದಲು ಸುಟ್ಟ ಹಾಗಿದೆ," ಎಂದಳು. ತಾತ ಬೂದಿಯನ್ನು ಬೆರಳ ನಡುವೆ ಒತ್ತಿದರು. ಕಾಡಿಗೆಯಂತೆ ಪುಡಿಯಾಯಿತು. ಸಂಶಯಕ್ಕೆ ಎಡೆಯೇ ಇಲ್ಲದ ರೇಷ್ಮೆ.

ಮೂವತ್ತೆಂಟು ವರ್ಷದ ಅನುಭವಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು.

"ಅಬ್ಬಾ, ನಿಜವಾದ್ದೇ," ಎಂದು ತಂಗಿ ಎದ್ದಳು. "ನನ್ನ ಬ್ಯಾಗು ಎಲ್ಲಿಟ್ಟೆ? ಇರಿ, ಬಂದೆ." ಅವಳು ಒಳಗೆ ಹೋದದ್ದೇ ತಾತ ಹೆಂಡತಿಯ ಕಡೆ ಬಾಗಿದರು.

"ಅದು ಈ ಶಾಲಿಂದಲ್ಲ."

"ಅಲ್ಲ."

"ನಿಂಗೆ ಗೊತ್ತಿತ್ತಾ?"

"ನೀವು ತಂದ ವಾರವೇ ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡಿತ್ತು. ರೇಷ್ಮೆ ಯಾವತ್ತಾದ್ರೂ ಅಂಟುತ್ತಾ? ಮೂಲೇಲಿ ಇಷ್ಟಗಲ ತೂತಿದೆ. ಅದನ್ನ ಒಳಗೆ ಮಡಿಸಿ ಹೊದ್ದುಕೋತೀನಿ."

"ಮತ್ತೆ ಹೇಳ್ಲಿಲ್ಲ?"

"ಮೂರು ತಿಂಗಳ ಕೆಲಸಗಾರ ನೀವು. ಹೇಳಿದ್ರೆ ಮಾರನೇ ದಿನ ಯಾವ ಮುಖ ಇಟ್ಕೊಂಡು ಗಿರಾಕಿ ಮುಂದೆ ಬಟ್ಟೆ ಬಿಚ್ತಿದ್ರಿ?" ಅಜ್ಜಿ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಆದ್ರೂ ನಿಮ್ಮ ನೆಗಡಿ ಚೆನ್ನಾಗಿತ್ತು. ಸ್ವೆಟರಿನ ತೋಳಿಗೂ ಅದಕ್ಕೂ ಸರಿಹೋಯ್ತು."

"ಹಂಗಾದ್ರೆ ಈ ಎಳೆ ಎಲ್ಲೀದು?"

"ಸೊಸೆ ಆಫೀಸಿಗೆ ಕಟ್ಕೊಂಡು ಹೋಗೋ ಸ್ಕಾರ್ಫಿಂದು. ಅವಳ ಮುಂದೆ ಬಾಯಿ ಬಿಡಬೇಡಿ."

ತಾತನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಷ್ಟರಲ್ಲಿ ತಂಗಿ ಬ್ಯಾಗಿನ ಸಮೇತ ಹಿಂದಿರುಗಿದಳು. ಮುಖ ಅರಳಿತ್ತು.

"ಭಾವ, ನನ್ನ ಮದುವೆಗೂ ಇಂಥದ್ದೇ ಒಂದು ಕೊಟ್ಟಿದ್ರಲ್ಲ. ಅಕ್ಕನ ಶಾಲು ತಂದ ಕಟ್ಟಿಂದ್ಲೇ ತೆಗೆದದ್ದು ಅಂದಿದ್ರಿ. ನಿಜ ಹೇಳ್ತೀನಿ, ಇದು ಸುಳ್ಳು ಅಂತ್ಲೇ ಇಷ್ಟು ವರ್ಷ ಬೀರುವಿನ ತಳದಲ್ಲಿ ಹಾಕಿದ್ದೆ. ಸುಟ್ಟು ತೋರಿಸ್ತೀರಿ ಅಂತ ಅಕ್ಕ ಅಂದಿದ್ದಕ್ಕೆ ಇವತ್ತು ತಂದೆ. ನಿಮ್ಮ ಮೇಲೆ ಸುಮ್ನೆ ಅನುಮಾನ ಪಟ್ಟೆ. ಇದರದ್ದೂ ಒಂದು ಎಳೆ ಸುಟ್ಟುಬಿಡಿ, ಕಣ್ತುಂಬ ನೋಡಿ ಹೊದ್ದುಕೊಂಡೇ ಮನೆಗೆ ಹೋಗ್ತೀನಿ."

ಕೆನೆಬಣ್ಣದ ಶಾಲು ಬ್ಯಾಗಿನಿಂದ ಹೊರಬಂದು ತಾತನ ಮಡಿಲಲ್ಲಿ ಬಿತ್ತು. ಬೆರಳುಗಳು ಮುಟ್ಟಿದವು, ಈ ಸಲ ಅವಕ್ಕೆ ಬೆಂಕಿ ಬೇಕಾಗಲಿಲ್ಲ. ತಾತ ಅಜ್ಜಿಯ ಕಡೆ ನೋಡಿದರು. ಅಜ್ಜಿ ತಮ್ಮ ಸೆರಗಿನ ತುದಿ ನೋಡಿದರು. ಅದರಲ್ಲಿ ಇನ್ನೊಂದು ಗಂಟಿರಲಿಲ್ಲ.

"ಮೋಂಬತ್ತಿ ಸಣ್ಣದಾಯ್ತು. ಹೊಸದು ತರ್ತೀನಿ," ಎಂದು ತಾತ ಎದ್ದರು.

ಅಡುಗೆಮನೆಯಲ್ಲಿ ಸೊಸೆ ಟೀ ಸೋಸುತ್ತಿದ್ದಳು. ತಾತ ಬಾಗಿಲು ಅರ್ಧ ಮುಚ್ಚಿ, ಬಾಲ್ಕನಿಯ ಕಡೆ ಒಮ್ಮೆ ತಿರುಗಿ ನೋಡಿ, ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಅಮ್ಮಾ, ಒಂದು ಉಪಕಾರ ಮಾಡ್ಬೇಕು. ಬೈಬೇಡ. ಏನೂ ಕೇಳಲೂಬೇಡ. ನಿನ್ನ ಸ್ಕಾರ್ಫಿಂದ ಇನ್ನೊಂದು ಎಳೆ ಕೊಡ್ತೀಯಾ?"