ಕಥೆ ನಡೆದದ್ದು ಯಾವ ಊರಲ್ಲಿ?

ದೊಡ್ಡವರಿಗೆ ಕಥೆ ಹೇಳಿದರೆ ತೂಕಡಿಸುತ್ತಾರೆ, ಅಷ್ಟಕ್ಕೆ ಮುಗಿಯಿತು. ನಾಲ್ಕು ವರ್ಷದವರಿಗೆ ಹೇಳಿ ನೋಡಿ, ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಅರವತ್ತರ ದಶಕದಲ್ಲಿ ಹೊಸನಗರದ ಕಡೆಯ ಒಂದು ಹಳ್ಳಿಯ ಶಿಶುವಿಹಾರದಲ್ಲಿ ನಾನು ಟೀಚರಾಗಿದ್ದೆ. ಅಲ್ಲಿಯವರ ಬಾಯಲ್ಲಿ ‘ಅಕ್ಕೋರು’. ಮಕ್ಕಳಲ್ಲಿ ಮುಕ್ಕಾಲು ಪಾಲು ಶರಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದ ರೈತರ ಮನೆಯವರು.

ನನ್ನದು ತುಮಕೂರಿನ ಕಡೆ. ವಯಸ್ಸು ಇಪ್ಪತ್ತೆರಡು, ಮದುವೆಯಿಲ್ಲ, ಗುರುತಿನವರು ಒಬ್ಬರೂ ಇಲ್ಲ. ಮೂರು ಗಂಟೆಗೆ ಮಕ್ಕಳು ಮನೆಗೆ ಹೋದರೆ ಮರುದಿನ ಬೆಳಿಗ್ಗೆಯವರೆಗೆ ನಾನು ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ. ಬಂದ ವಾರವೇ ವರ್ಗಾವಣೆಗೆ ಅರ್ಜಿ ಬರೆದು ಟ್ರಂಕಿನಲ್ಲಿಟ್ಟಿದ್ದೆ. ಆರು ತಿಂಗಳು ತುಂಬುವವರೆಗೆ ಅದನ್ನು ಕೊಡುವಂತಿರಲಿಲ್ಲ. ಹೇಗೂ ಹೋಗುವವಳು ಅಂತ ಸೀರೆಗಳನ್ನೂ ಟ್ರಂಕಿನಿಂದ ಹೊರಗೆ ಜೋಡಿಸಲಿಲ್ಲ. ಉಟ್ಟು, ಒಗೆದು, ಮಡಚಿ ಮತ್ತೆ ಅದರೊಳಗೇ ಹಾಕುತ್ತಿದ್ದೆ.

೧. ಕೋಣಂದೂರಿನ ಸೊಸೆ

“ಒಂದಾನೊಂದು ಊರಿನಲ್ಲಿ...” ಅಂತ ಮೊದಲ ಕಥೆ ಶುರು ಮಾಡಿದೆ.

“ಯಾವೂರು ಅಕ್ಕೋರೆ?”

“ಯಾವುದೋ ಒಂದು ಊರು.”

“ಹೆಸ್ರಿಲ್ವಾ? ಮತ್ತೆ ಬಸ್ಸಿನ ಬೋರ್ಡಿಗೆ ಎಂತ ಬರೀತಾರೆ?”

ನಾನು ಬಂದಿಳಿದ ದಿನ ಒಂದು ಬಸ್ಸಿನ ಬೋರ್ಡಿನಲ್ಲಿ ಕೋಣಂದೂರು ಅಂತ ಓದಿದ್ದು ನೆನಪಿತ್ತು. ಕೋಣಂದೂರು ಅಂದುಬಿಟ್ಟೆ. ಅಲ್ಲೊಬ್ಬಳು ಸೊಸೆ. ಅತ್ತೆ ಆಚೆ ಹೋದ ಕೂಡಲೇ ದೋಸೆ ಹುಯ್ದುಕೊಂಡು ಅಷ್ಟನ್ನೂ ತಾನೇ ತಿಂದು, ತಲೆನೋವು ಅಂತ ಮಲಗುತ್ತಿದ್ದಳು. ಮಕ್ಕಳು ನಕ್ಕರು. ನಾನು ಗೆದ್ದೆ ಅಂದುಕೊಂಡೆ.

ಹತ್ತು ದಿನ ಕಳೆದು ಒಂದು ಮಗುವಿನ ಅಜ್ಜಿ ಬಂದರು. “ಅಕ್ಕೋರೆ, ನಮ್ಮ ಕಿರಿ ಮಗನಿಗೆ ಕೋಣಂದೂರಲ್ಲಿ ಹೆಣ್ಣು ನೋಡಿದೀವಿ. ನೆಂಟರ ಎದುರಿಗೇ ನಮ್ಮ ಮೊಮ್ಮಗಳು, ಅವಳು ಬೇಡ, ದೋಸೆ ಎಲ್ಲ ತಿಂದು ಮಲಗ್ತಾಳೆ, ಅಕ್ಕೋರೇ ಹೇಳಿದಾರೆ ಅಂತು. ನಿಮಗೆ ಆ ಹುಡುಗಿ ಗುರ್ತಾ?”

ನಾನು ಕೋಣಂದೂರನ್ನೇ ಕಂಡಿಲ್ಲ, ಅದು ಬರೀ ಕಥೆ ಅಂತ ಆಣೆ ಮಾಡಿ ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದರು. “ಕಥೆನೇ ಇರ್ಬಹುದು. ಆದ್ರೂ ಬೆಂಕಿ ಇಲ್ದೆ ಹೊಗೆ ಆಡುತ್ತಾ? ಯಾವುದಕ್ಕೂ ಒಂದ್ಸಲ ಹೋಗಿ ದೋಸೆ ಹುಯ್ಸಿ ನೋಡ್ಕಂಡು ಬರ್ತೀವಿ.”

ಪುಣ್ಯಕ್ಕೆ ಮದುವೆ ನಡೆಯಿತು. ನನಗೂ ಕರೆ ಬಂತು. ಅಷ್ಟು ಜನರ ನಡುವೆ ನನ್ನನ್ನು ತಾನಾಗಿ ಮಾತಾಡಿಸಿದವಳು ಮದುಮಗಳು ಒಬ್ಬಳೇ. ಹತ್ತಿರ ಕರೆದು ಮೆಲ್ಲಗೆ ಹೇಳಿದಳು: “ನಂಗೆ ದೋಸೆ ಅಂದ್ರೆ ಆಗೋದೇ ಇಲ್ಲ ಅಕ್ಕೋರೆ.”

೨. ಮರವಿಲ್ಲದ ಪೇಟೆ

ಊರಿನ ಹೆಸರು ಹೇಳಿದರೆ ಆಪತ್ತು ಅಂತ ಕಥೆಯನ್ನು ಕಾಡಿಗೆ ಕೊಂಡೊಯ್ದೆ. “ದೂರದ ಒಂದು ದಟ್ಟ ಕಾಡಿನಲ್ಲಿ ಒಂದು ಭಯಂಕರ ಹುಲಿ...” ಅಂತ ಕಣ್ಣು ಅರಳಿಸಿದೆ. ನಮ್ಮೂರಿನಲ್ಲಾಗಿದ್ದರೆ ಇಷ್ಟಕ್ಕೇ ನಾಲ್ಕು ಮಕ್ಕಳು ಅಳುತ್ತಿದ್ದವು. ಇಲ್ಲಿ ಒಬ್ಬಳು ಆಕಳಿಸಿದಳು.

“ದೂರ ಎಂತಕ್ಕೆ? ಮೊನ್ನೆ ನಮ್ಮನೆ ಕೊಟ್ಟಿಗೆಗೇ ಬಂದಿತ್ತು.”

“ನಿಮ್ಮ ಹುಲಿ ಕುಂಟುತ್ತಿತ್ತಾ ಅಕ್ಕೋರೆ?” ಅಂತ ಇನ್ನೊಬ್ಬ ಕೇಳಿದ.

“ಹ್ಞೂಂ” ಅಂದೆ, ಏನೋ ಒಂದು ಹೇಳಬೇಕಲ್ಲ.

“ಹಾಗಾದ್ರೆ ಅದೇ.”

ನನ್ನ ಭಯಂಕರ ಹುಲಿಯ ಯೋಗಕ್ಷೇಮವನ್ನು ನೆಂಟರದ್ದು ವಿಚಾರಿಸಿದ ಹಾಗೆ ವಿಚಾರಿಸಿಕೊಂಡರು. ಸೋತು, ಕೊನೆಗೆ ನಮ್ಮೂರಿನ ಪೇಟೆಬೀದಿಯನ್ನೇ ಹೇಳತೊಡಗಿದೆ. ಅಗಲವಾದ ರಸ್ತೆ, ಎರಡೂ ಕಡೆ ಅಂಗಡಿ, ಕಣ್ಣು ಹಾಯಿಸಿದಷ್ಟು ದೂರವೂ ಬಿಸಿಲು, ಒಂದು ಮರ ಇಲ್ಲ. ಆ ಬೀದಿಯ ತುದಿಗೆ ನಮ್ಮ ಮನೆ, ಜಗಲಿಯ ಮೇಲೆ ಕೂತ ಅಮ್ಮ. ಹೇಳುತ್ತಾ ಹೇಳುತ್ತಾ ನೋಡಿದರೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಈ ಊರಿನಲ್ಲಿ ನನ್ನ ಊರನ್ನು ಕಂಡವರು ಕೊನೆಗೂ ಸಿಕ್ಕಿದರಲ್ಲ ಅಂತ ಜೀವಕ್ಕೆ ಹಿತವಾಯಿತು.

ಆಕಳಿಸಿದವಳೇ ಹೆದರಿಕೆಯಿಂದ ಕೇಳಿದಳು: “ಒಂದು ಮರಾನೂ ಇಲ್ವಾ? ಮತ್ತೆ ಉಚ್ಚೆ ಎಲ್ಲಿ ಹೊಯ್ತಾರೆ?”

೩. ಮನೆ ಆಟ

ತಿಂಗಳಿಗೊಮ್ಮೆ ಒಬ್ಬ ಮೇಲ್ವಿಚಾರಕಿ ಬರುತ್ತಿದ್ದರು. ಸಣ್ಣ ಮಕ್ಕಳಿಗೆ ಪಾಠಕ್ಕಿಂತ ಜಾಗ ಮುಖ್ಯ, ಒಂದು ಮೂಲೆ ಕಥೆಗೆ ಇರಲಿ, ಒಂದು ಮೂಲೆ ಮನೆ ಆಟಕ್ಕೆ ಇರಲಿ ಅಂತ ಅವರ ಅಪ್ಪಣೆ. ನಾನು ಹಳೇ ಮರದ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಮನೆ ಮಾಡಿದೆ. ಕರಟಗಳೇ ಪಾತ್ರೆ, ಒಳಗೊಂದು ಬಟ್ಟೆಯ ಗೊಂಬೆ. ಮುಂದಿನ ತಿಂಗಳು ಬಂದವರು, “ಎಲ್ಲಿ, ಮನೆ ಆಟ ಆಡಿ ನೋಡೋಣ” ಅಂದರು.

ಮಕ್ಕಳು ಎದ್ದವರೇ ಕರಟಗಳನ್ನೆಲ್ಲ ಹೊರಗೆ ತಂದು ಅಡಿಕೆ ಹಾಳೆಯ ಮೇಲೆ ಹೇರಿದರು. ಗೊಂಬೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಕೊನೆಗೆ ಪೆಟ್ಟಿಗೆಯನ್ನೂ ಎಳೆಯುತ್ತಾ ಎದುರಿನ ಮೂಲೆಗೆ ಹೊರಟರು.

“ಅಡುಗೆ ಮಾಡೋದಿಲ್ವೇನ್ರೋ?” ಅಂದರು ಮೇಲ್ವಿಚಾರಕಿ.

“ನೀರು ಬಂತಲ್ಲ, ಅಡ್ಗೆ ಎಲ್ಲಿ ಮಾಡೋದು? ನೀವು ಸ್ವಲ್ಪ ಆ ಕಡೆ ನಿಂತ್ಕಳಿ. ನೀವು ನಿಂತಿದ್ದು ಮುಳುಗೋ ಜಾಗ.”

ಅವರು ಸೀರೆಯ ನೆರಿಗೆ ಎತ್ತಿಕೊಂಡು ಸರಿದೇ ನಿಂತರು. ನನಗೆ ನಗು ಬಂದು ಅರ್ಧಕ್ಕೇ ನಿಂತಿತು. ಆ ಮಕ್ಕಳು ಕಂಡಿದ್ದ ಮನೆ ಆಟ ಅದೊಂದೇ. ಮೇಲ್ವಿಚಾರಕಿ ಹೊರಡುವ ಮುಂಚೆ ತಪಾಸಣೆ ಪುಸ್ತಕದಲ್ಲಿ ಬರೆದರು: ‘ಮನೆ ಆಟದ ಮೂಲೆ ಇದೆ. ಆದರೆ ಒಂದೇ ಮೂಲೆಯಲ್ಲಿ ನಿಲ್ಲುವುದಿಲ್ಲ.’

೪. ಬಾವಿ ಯಾವ ಕಡೆಗೆ?

ಆ ಆಟಕ್ಕೆ ಸೇರದವಳು ಒಬ್ಬಳೇ ಒಬ್ಬಳು. ಬಾಗಿಲಿಗೆ ಒರಗಿ, ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ ಹುಡುಗಿ. ಚೀಲದಲ್ಲಿ ಒಂದು ಲಂಗ, ಒಂದು ಹಿತ್ತಾಳೆ ಲೋಟ. ಯಾರಾದರೂ ‘ಏಳು, ಹೊರಡು’ ಅಂದರೆ ತಯಾರಾಗಿ ಇರುವ ಹಾಗೆ. ನಾಲ್ಕು ತಿಂಗಳಾದರೂ ಒಂದು ಮಾತಾಡಿರಲಿಲ್ಲ. ಚೀಲ ಕೆಳಗಿಡು ಅಂತ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನನ್ನ ಟ್ರಂಕಿನ ಕಥೆ ನನಗೆ ಗೊತ್ತಿತ್ತಲ್ಲ.

“ನಮ್ಮ ಹಳೇ ಊರಲ್ಲಿದ್ದಾಗ ಇದರ ಬಾಯಿ ಮುಚ್ಚಿಸೋದೇ ಕಷ್ಟ ಇತ್ತು ಅಕ್ಕೋರೆ” ಅಂದರು ಅವಳ ಅಜ್ಜಿ. ಅಲ್ಲಿಯ ಮನೆ ಹೇಗಿತ್ತು ಅಂತ ಕೇಳಿದೆ. ಅಜ್ಜಿ ಒಂದು ಗಂಟೆ ಹೇಳಿದರು. ನಾನು ಎಲ್ಲವನ್ನೂ ಕಲಿತುಕೊಂಡೆ, ಅಥವಾ ಹಾಗಂದುಕೊಂಡೆ.

ಮರುದಿನ ಶುರು ಮಾಡಿದೆ. “ಶರಾವತಿ ದಂಡೆಯಲ್ಲಿ ಒಂದು ಮನೆ. ಮೂರು ಮೆಟ್ಟಿಲು. ಮೆಟ್ಟಿಲ ಎಡಕ್ಕೆ ಬಾವಿ. ಬಾವಿಕಟ್ಟೆ ಮೇಲೊಂದು ಹುಂಜ...”

“ಬಾವಿ ಬಲಕ್ಕೆ.”

ಬಾಗಿಲ ಕಡೆಯಿಂದ ಬಂದ ದನಿ. ಎಲ್ಲರೂ ತಿರುಗಿದರು. “ಎಡಕ್ಕಲ್ವಾ?” ಅಂದೆ.

“ಎಡಕ್ಕೆ ಬಚ್ಚಲು. ಅಲ್ಲಿ ಕೂತ್ರೆ ಹುಂಜ ಹೊಗೆಗೆ ಕೆಮ್ಮುತ್ತೆ.”

ಚೀಲವನ್ನು ಅಲ್ಲೇ ಬಿಟ್ಟು ಎದ್ದು ಬಂದು ನನ್ನ ಮುಂದೆ ನಿಂತು, ಮನೆ ಹೇಗಿತ್ತು ಅಂತ ಹೇಳತೊಡಗಿದಳು. ಮೂರು ಗಂಟೆಯಾದರೂ ಮನೆ ಮುಗಿಯಲಿಲ್ಲ. ಹುಂಜಕ್ಕೆ ಕಥೆಯಲ್ಲಿ ಕೂಗುವುದಕ್ಕೂ ಪುರಸೊತ್ತು ಸಿಗಲಿಲ್ಲ. ಅಂದಿನಿಂದ ನನ್ನ ಕಥೆಗಳೆಲ್ಲ ಅವರ ಮನೆಯಲ್ಲೇ ನಡೆಯಬೇಕಾಯಿತು. ಸಿಂಹ ಅವರ ಬಾವಿಗೆ ಇಣುಕಿತು. ರಾಜ ಬಂದು ಎರಡನೇ ಮೆಟ್ಟಿಲ ಮೇಲೆ ಕೂತ, ಯಾಕೆಂದರೆ ಮೊದಲನೆಯದು ಮುರಿದಿತ್ತಂತೆ.

ಒಂದು ದಿನ ನನ್ನ ಕೈಲಿ ಜಡೆ ಹಾಕಿಸಿಕೊಳ್ಳುತ್ತಾ ಆ ಹುಡುಗಿ ಕೇಳಿದಳು: “ಅಕ್ಕೋರೆ, ನಿಮ್ಮೂರೂ ಮುಳುಗಿತಾ?”

“ಇಲ್ಲ, ಇದೆ.”

“ಮನೆ?”

“ಅದೂ ಇದೆ.”

“ಮತ್ತೆ ಇಲ್ಲಿಗೆ ಎಂತಕ್ಕೆ ಬಂದ್ರಿ?”

ಐದು ತಿಂಗಳಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. “ನಿಮಗೆ ಕಥೆ ಹೇಳೋಕೆ” ಅಂದೆ.

ಅವಳು ತಿರುಗಿ ನನ್ನನ್ನು ಕನಿಕರದಿಂದ ನೋಡಿದಳು. “ಹಾಗಾದ್ರೆ ಕಲ್ತ್ಕಂಡು ಬರ್ಬೇಕಿತ್ತು.”

ಆ ಸಂಜೆ ನನ್ನ ಬಾಡಿಗೆ ಕೋಣೆಯಲ್ಲಿ ಅದು ನೆನಪಾಗಿ ಗಟ್ಟಿಯಾಗಿ ನಕ್ಕುಬಿಟ್ಟೆ. ಮನೆಯ ಯಜಮಾನಿ ಗೋಡೆಯಾಚೆಯಿಂದ, “ಯಾರು ಬಂದಿದಾರೆ ಅಕ್ಕೋರೆ?” ಅಂದರು. “ಯಾರೂ ಇಲ್ಲ” ಅಂದೆ. ಅಂದ ಮೇಲೆ ಸ್ವಲ್ಪ ಅತ್ತೆ. ಅತ್ತು ಮುಗಿಸಿ, ಟ್ರಂಕು ಖಾಲಿ ಮಾಡಿ ಸೀರೆಗಳನ್ನು ಗೋಡೆಗೂಡಿನಲ್ಲಿ ಜೋಡಿಸಿದೆ. ಅರ್ಜಿಯ ಕಾಗದ ದಪ್ಪಗಿತ್ತು. ಬೆಳಿಗ್ಗೆ ಅದನ್ನು ಗೊಂಬೆಮನೆಯ ನೆಲಕ್ಕೆ ಹಾಸಿದೆ.

ಮಕ್ಕಳು ಬಂದವರೇ ಎಂದಿನ ಹಾಗೆ ಕರಟಗಳನ್ನು ಅಡಿಕೆ ಹಾಳೆಗೆ ಹೇರತೊಡಗಿದರು. ಆ ಹುಡುಗಿ ಪೆಟ್ಟಿಗೆಗೆ ಅಡ್ಡ ನಿಂತಳು. “ಇವತ್ತು ಖಾಲಿ ಮಾಡೋದು ಬೇಡ.”

“ನೀರು ಬರುತ್ತಲ್ಲೇ?”

“ಬಂದ್ರೆ ಕಾಯ್ಲಿ. ಅಕ್ಕೋರಿಗೆ ಇನ್ನೂ ಒಂದು ಕಥೇನೂ ಸರಿಯಾಗಿ ಬರಲ್ಲ.”